ಕುಳಿ ನೋಡಿ ಕಡೆದ ಕುರ್ಚಿ

ಊರಿನ ಅರ್ಧ ಜನರ ದವಡೆ ಎಷ್ಟಗಲ ಎಂಬುದು ಹಲ್ಲಪ್ಪನಿಗೆ ಗೊತ್ತಿತ್ತು. ಹೆಂಡತಿಯ ಪಾದ ಎಷ್ಟುದ್ದ ಎಂಬುದು ಮಾತ್ರ ಗೊತ್ತಿರಲಿಲ್ಲ. ಇಡೀ ರಗಳೆ ಶುರುವಾದದ್ದು ಅಲ್ಲಿಂದ.

ಹಲ್ಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. (ಮಗನ ಮೇಲೆ ಅವರಿಗೆ ಅಂಥ ಸಿಟ್ಟೇನೂ ಇರಲಿಲ್ಲ.) ಹಲ್ಲಿನ ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಆ ಅಚ್ಚಿಗೆ ಸರಿಯಾಗಿ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಯ ಮಹಡಿಯ ಮೇಲೆ ಅವನದೊಂದು ಕೋಣೆ. ಒಳಗೆ ಹೋದರೆ ನಾಲ್ಕೂ ಗೋಡೆಯ ಹಲಗೆಗಳಿಂದ ಬಿಳಿಯ ಪ್ಲಾಸ್ಟರಿನ ದವಡೆಗಳು ನಿಮ್ಮನ್ನು ನೋಡಿ ನಗುತ್ತವೆ. ಮೂವತ್ತೈದು ವರ್ಷ ಅವುಗಳ ಸಹವಾಸದಲ್ಲಿದ್ದು ಅವನು ಕಲಿತ ಪರಮಸತ್ಯ ಒಂದೇ: ಅಚ್ಚು ಸುಳ್ಳು ಹೇಳುವುದಿಲ್ಲ. ಮನುಷ್ಯರು ಹೇಳುತ್ತಾರೆ. ಆದ್ದರಿಂದ ಅವನು ಮನುಷ್ಯರನ್ನು ಹೆಚ್ಚು ನೋಡಲು ಹೋಗುತ್ತಿರಲಿಲ್ಲ.

ಮದುವೆಯ ಮೂವತ್ತೊಂದನೆಯ ವಾರ್ಷಿಕೋತ್ಸವದ ದಿನ ಅವನು ಹೆಂಡತಿಗೆ ಒಂದು ಜೊತೆ ಚಪ್ಪಲಿ ತಂದ. ಕೆಂಪು ಡಬ್ಬಿ, ಮೇಲೆ ಬಂಗಾರದ ಬಣ್ಣದ ದಾರ. ಅವಳು ಸಂಭ್ರಮದಿಂದಲೇ ಬಿಚ್ಚಿದಳು. ಪಾದ ತೂರಿಸಿದಳು. ಪಾದ ಅರ್ಧ ಹೋಗಿ ನಿಂತಿತು.

"ಇದು ಯಾರಿಗೆ ರೀ?"

"ನಿನಗೇ ಕಣೇ!"

"ನನ್ನ ಹೆಬ್ಬೆರಳಿಗೆ ಸರಿಯಾಗಿದೆ. ಮಿಕ್ಕ ನಾಲ್ಕು ಬೆರಳಿಗೆ ಇನ್ನೊಂದು ಜೊತೆ ತರಬೇಕಾಗತ್ತೆ."

"ಅಂಗಡಿಯವನು ಇದೇ ಹೆಂಗಸರ ಸೈಜು ಅಂದ."

"ಯಾವ ಹೆಂಗಸರದ್ದು ಅಂತ ಕೇಳಿದ್ರಾ?"

ಆ ಹೊತ್ತಿಗೆ ಬಾಗಿಲಲ್ಲಿ ಟಿಸಿ ಭಾವ ನಿಂತಿದ್ದರು. ಟಿಸಿ ಭಾವ ಎಂದರೆ ಹೆಂಡತಿಯ ಅಣ್ಣ. ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಕೆಲಸ ಬಿಟ್ಟರೂ ತಪಾಸಣೆ ಬಿಟ್ಟಿರಲಿಲ್ಲ. ಸಂಜೆ ಹಲ್ಲಪ್ಪ ಮನೆಗೆ ಬಂದಾಗಲೆಲ್ಲ ಅವರು ಬಾಗಿಲಿಗೆ ಒರಗಿ ನಿಂತೇ ಇರುತ್ತಿದ್ದರು. "ಕೂತ್ಕೊಳ್ಳಿ ಭಾವ" ಎಂದರೆ, "ನಿಂತು ಅಭ್ಯಾಸ, ಈಗಿನ್ನೇನು ಹೊರಟೆ" ಎನ್ನುತ್ತಿದ್ದರು. ಅವರು ಕೂತದ್ದನ್ನು ಹಲ್ಲಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಈಗಲೂ ನಿಂತಲ್ಲಿಂದಲೇ ಕತ್ತು ಚಾಚಿ, "ಇದು ಕಾಲಿಗೆ ತಂದದ್ದೋ, ಕಿವಿಗೆ ತಂದದ್ದೋ?" ಎಂದು ವಿಚಾರಿಸಿ ಹೊರಟುಹೋದರು.

ಹೆಂಡತಿ ರೇಗಲಿಲ್ಲ. ರೇಗಿದ್ದರೆ ಹಲ್ಲಪ್ಪ ಬದುಕಿಕೊಳ್ಳುತ್ತಿದ್ದ. ಅವಳು ಚಪ್ಪಲಿಯನ್ನು ಡಬ್ಬಿಯೊಳಗೆ ಮಲಗಿಸಿ ಮೆಲ್ಲಗೆ ಹೇಳಿದಳು: "ಮೂವತ್ತೊಂದು ವರ್ಷ ಆಯ್ತು. ಊರಿನವರ ಬಾಯಿ ಎಲ್ಲ ಕೂದಲೆಳೆ ಲೆಕ್ಕದಲ್ಲಿ ಗೊತ್ತು ನಿಮಗೆ. ಮನೆಯಲ್ಲಿರೋಳ ಅಳತೆ ಮಾತ್ರ ಇನ್ನೂ ಗೊತ್ತಾಗಲಿಲ್ಲ."

ಕೆಂಪು ಡಬ್ಬಿ ಟಿವಿಯ ಪಕ್ಕದ ಕಪಾಟಿನ ಮೇಲೆ ಹೋಗಿ ಕೂತಿತು. ದಿನಾ ವಾರ್ತೆ ನೋಡುವಾಗ ಹಲ್ಲಪ್ಪನ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಅದೇ. ಮಾತು ಅವನಿಗೆ ನಿಜವಾಗಿ ನಾಟಿತ್ತು. ಅವನು ಕೆಟ್ಟ ಗಂಡನೇನಲ್ಲ. ಹೆಂಡತಿಯನ್ನು ಕಂಡರೆ ಅವನಿಗೆ ಬಲು ಪ್ರೀತಿ. ಆದರೆ ಆ ಪ್ರೀತಿಯನ್ನು ಅವನು ಬೀರುವಿನೊಳಗಿನ ಒಳ್ಳೆಯ ಬಟ್ಟೆಯ ಹಾಗೆ ಮಡಿಸಿಟ್ಟು, ಇದೆಯಲ್ಲ ಎಂಬ ಧೈರ್ಯದಲ್ಲೇ ಕಾಲ ಹಾಕಿದ್ದ. ಮುಂದಿನ ವಾರ್ಷಿಕೋತ್ಸವಕ್ಕೆ ಅವಳ ಅಳತೆಗೆ ಒಂದು ನೂಲೂ ಹೆಚ್ಚುಕಡಿಮೆ ಇಲ್ಲದಂಥದ್ದೇನಾದರೂ ಕೊಟ್ಟು ಬಾಯಿ ಮುಚ್ಚಿಸಬೇಕು ಎಂದು ಪಣ ತೊಟ್ಟ. (ಬಾಯಿ ಮುಚ್ಚಿಸುವುದು ಅವನ ಕಸುಬಿಗೆ ವಿರುದ್ಧ, ಆದರೂ ತೊಟ್ಟ.)

ಏನು ಕೊಡುವುದು? ಒಮ್ಮೆ ಪೀಠೋಪಕರಣದ ಅಂಗಡಿಯಲ್ಲಿ ಅವಳೊಂದು ತೂಗುಕುರ್ಚಿಯಲ್ಲಿ ಕೂತು, ಗಾಳಿಯಲ್ಲಿ ಕಾಲಾಡಿಸುತ್ತ, "ಕಾಲು ನೆಲಕ್ಕೆ ತಾಗೋ ಅಂಥ ತೂಗುಕುರ್ಚಿ ಯಾರೂ ಮಾಡೋದೇ ಇಲ್ವಾ?" ಎಂದು ಕೇಳಿದ್ದು ಅವನಿಗೆ ನೆನಪಾಯಿತು. ನೆನಪಾದದ್ದಕ್ಕೆ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡು ನೇರ ದೊಡ್ಡ ಮೇಸ್ತ್ರಿಯ ಬಳಿಗೆ ನಡೆದ.

ದೊಡ್ಡ ಮೇಸ್ತ್ರಿಗೆ ಎಪ್ಪತ್ತೆಂಟು ವರ್ಷ. ಮರದ ಅಡ್ಡೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಅವರ ಕೆಲಸ. ಅವರ ತೂಗುಕುರ್ಚಿಯಲ್ಲಿ ಒಂದು ಮೊಳೆ ಇರುವುದಿಲ್ಲ, ಒಂದು ಸ್ಕ್ರೂ ಇರುವುದಿಲ್ಲ, ಒಂದು ಮೂಲೆಯೂ ಇರುವುದಿಲ್ಲ. ಕಾಲು ಎಲ್ಲಿ ಮುಗಿದು ಕೈ ಎಲ್ಲಿ ಶುರುವಾಯಿತು ಎಂದು ಬೆರಳಾಡಿಸಿದರೂ ತಿಳಿಯುವುದಿಲ್ಲ. ಕಡೆದ ಕುರ್ಚಿಯಲ್ಲ, ಬೆಳೆದ ಕುರ್ಚಿ ಅನ್ನಬೇಕು. ಆದರೆ ಒಂದು ಬೇಕೆಂದರೆ ನಾಲ್ಕು ವರ್ಷ ಕಾಯಬೇಕು. ಹಲ್ಲಪ್ಪನಿಗಿದ್ದ ಆಸರೆ ಒಂದೇ: ಮೇಸ್ತ್ರಿಯ ಕಟ್ಟುಹಲ್ಲು ಅವನೇ ಮಾಡಿದ್ದು. ಮೇಸ್ತ್ರಿ ಇಡೀ ಸೇಬನ್ನು ಕಚ್ಚಿ ತಿನ್ನುವಂಥ ಹಲ್ಲು. ಅದರ ಮೇಲೆ ಅವರಿಗೆ ಎಷ್ಟು ಗೌರವವೆಂದರೆ ಸುಮ್ಮನೆ ಮಾತಾಡಿ ಸವೆಸಬಾರದೆಂದು ಶರ್ಟಿನ ಜೇಬಿನಲ್ಲಿ, ಪೆನ್ಸಿಲಿನ ಪಕ್ಕ ಇಟ್ಟುಕೊಂಡಿರುತ್ತಿದ್ದರು. ಊಟಕ್ಕೆ ಹಾಕುವರು. ಇಲ್ಲವೇ ಏನಾದರೂ ಮುಖ್ಯವಾದದ್ದನ್ನು ಹೇಳುವುದಿದ್ದರೆ ಹಾಕುವರು. ಜೇಬಿಗೆ ಕೈ ಹೋಯಿತೆಂದರೆ ತೀರ್ಪು ಬರುತ್ತದೆ ಎಂದು ತಿಳಿಯಬೇಕು.

"ನೀವು ಮಾಡಿಕೊಡೋದು ಬೇಡ ಮೇಸ್ತ್ರಿ. ನಾನೇ ಮಾಡ್ತೀನಿ. ನೀವು ಹೇಳಿಕೊಟ್ರೆ ಸಾಕು," ಎಂದ ಹಲ್ಲಪ್ಪ.

ಮೇಸ್ತ್ರಿ ಬರಿ ಒಸಡಿನಲ್ಲಿ ನಕ್ಕರು. ಆಮೇಲೆ ಅವನ ಮುಖ ನೋಡಿ, ಇವನು ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಗಿ ಜೇಬಿಗೆ ಕೈ ಹಾಕಿದರು.

"ಕೂರೋರು ಯಾರು?"

"ನನ್ನ ಹೆಂಡತಿ."

"ಕರ್ಕೊಂಡು ಬನ್ನಿ. ಕುರ್ಚಿ ಅಂದ್ರೆ ಮರದ ಕೆಲಸ ಅಲ್ಲ, ಮೈಯ ಕೆಲಸ. ಮೊದಲು ಮಂಡಿಯಿಂದ ಹಿಮ್ಮಡಿ. ಆಮೇಲೆ ಸೊಂಟ, ಬೆನ್ನು. ಮರದ ಮಾತು ಅದಾದ್ಮೇಲೆ."

"ಅದೇ ಆಗಲ್ಲ ಮೇಸ್ತ್ರಿ. ಅವಳಿಗೆ ಗೊತ್ತಾಗಬಾರದು. ಗುಟ್ಟು."

"ನೀವು ಬಾಯಿ ನೋಡದೆ ಹಲ್ಲು ಕಟ್ತೀರಾ?"

"ನಾನು ಬಾಯಿ ಎಲ್ಲಿ ನೋಡ್ತೀನಿ? ಡಾಕ್ಟರು ಅಚ್ಚು ಕಳಿಸ್ತಾರೆ. ಅಚ್ಚು ಒಂದಿದ್ರೆ ಆಳೇ ಬೇಡ ನನಗೆ," ಎಂದ ಹಲ್ಲಪ್ಪ. ಹೇಳುತ್ತಿದ್ದಂತೆ ಅವನ ತಲೆಯಲ್ಲಿ ದೀಪ ಹತ್ತಿತು.

ಆ ದೀಪದ ಬೆಳಕಿನಲ್ಲಿ ಅವನಿಗೆ ಕಂಡದ್ದು ಮನೆಯ ಸೋಫಾ. ಮೂರು ಜನ ಕೂರುವ ಹಳೆಯ ಸೋಫಾ. ಸ್ಪ್ರಿಂಗು ಎಂದೋ ಪ್ರಾಣ ಬಿಟ್ಟಿತ್ತು. ನಡುವೆ ಟಿವಿಗೆ ನೇರವಾಗಿ ಹಲ್ಲಪ್ಪನದೇ ಕುಳಿ. ಬಲಗಡೆ ಸದಾ ಒಗೆದ ಬಟ್ಟೆಯ ರಾಶಿ. ಎಡಗಡೆ ಮಾತ್ರ ಇನ್ನೊಂದು ಕುಳಿ: ಆಳವಾದದ್ದು, ಅಂಚು ಕಟ್ಟಿದ್ದು, ವರ್ಷಗಟ್ಟಲೆ ಒಬ್ಬರೇ ಕೂತು ಕೂತು ಪಳಗಿಸಿದ್ದು. ಮನೆಯಲ್ಲಿರುವವರು ಇಬ್ಬರು. ಒಂದು ಕುಳಿ ತನ್ನದು, ಇನ್ನೊಂದು ಯಾರದು? ಒಂದನೇ ಕ್ಲಾಸಿನ ಲೆಕ್ಕ. ಹೆಂಡತಿ ಅಲ್ಲಿ ಕೂತಿದ್ದನ್ನು ಕಂಡ ನೆನಪು ಅವನಿಗೆ ಅಷ್ಟು ಸ್ಪಷ್ಟವಾಗಿ ಬರಲಿಲ್ಲ ನಿಜ. ಆದರೆ ಮನುಷ್ಯರೆಂದ ಮೇಲೆ ಎಲ್ಲೋ ಒಂದು ಕಡೆ ಕೂತೇ ಕೂತಿರಬೇಕಲ್ಲ!

ಭಾನುವಾರ ಬೆಳಗ್ಗೆ ಅವಳು ತರಕಾರಿಗೆ ಹೊರಟದ್ದೇ ತಡ, ಹಲ್ಲಪ್ಪ ಕಾರ್ಯಪ್ರವೃತ್ತನಾದ. ಕುಳಿಯ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹಾಸಿದ. ಸ್ನಾನದ ಬಕೆಟ್ಟಿನಲ್ಲಿ ಹತ್ತು ಕಿಲೋ ಪ್ಲಾಸ್ಟರು ಕಲಸಿ, ಗಂಟಿಲ್ಲದ ಹಾಗೆ ತಿರುವಿ, ಮೆಲ್ಲಗೆ ಸುರಿದ. ದವಡೆಯ ಅಚ್ಚಿಗೆ ಒಂದು ಹಿಡಿ ಪ್ಲಾಸ್ಟರು ಸಾಕು. ಆಸನದ ವಿಚಾರವೇ ಬೇರೆ, ಭವ್ಯ. ಅದು ಗಟ್ಟಿಯಾಗುವುದನ್ನು ಅವನು ಹಾಲು ಉಕ್ಕುವುದನ್ನು ಕಾಯುವವರ ಹಾಗೆ ಕಾಯುತ್ತ ನಿಂತಿದ್ದಾಗ ಬಾಗಿಲು ತೆರೆದುಕೊಂಡಿತು. ಹೆಂಡತಿ ಕೈಚೀಲ ಮರೆತು ವಾಪಸು ಬಂದಿದ್ದಳು.

ಹಲ್ಲಪ್ಪ ಬಟ್ಟೆಯ ರಾಶಿಯಿಂದ ಒಂದು ಬೆಡ್‌ಶೀಟು ಎಳೆದು ಅಚ್ಚಿನ ಮೇಲೆ ಎಸೆದು, ಅದರ ಮೇಲೆ ಕೂತುಬಿಟ್ಟ. ಪ್ಲಾಸ್ಟರು ಗಟ್ಟಿಯಾಗುವಾಗ ಬಿಸಿಯಾಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಗೊತ್ತಿರುವುದು ಬೇರೆ, ಅದರ ಮೇಲೆ ಕೂರುವುದು ಬೇರೆ.

"ಯಾಕ್ರೀ, ಮುಖ ಇಷ್ಟು ಕೆಂಪಾಗಿದೆ?"

"ಸೆಕೆ."

"ಫ್ಯಾನು ತಿರುಗ್ತಾ ಇದೆಯಲ್ಲ?"

"ಇದು... ಒಳಗಿನ ಸೆಕೆ."

ಅವಳು ಕೈಚೀಲ ಎತ್ತಿಕೊಂಡು ಅನುಮಾನದಿಂದ ನೋಡಿದಳು. "ಇವತ್ತೇನು ಆ ಕಡೆ ಹೋಗಿ ಕೂತಿದ್ದೀರಿ? ಅದು..."

"ಗೊತ್ತು, ಗೊತ್ತು! ಯಾರ ಜಾಗ ಅಂತ ನನಗೆ ಚೆನ್ನಾಗಿ ಗೊತ್ತು."

"ಗೊತ್ತಾ?" ಅವಳ ಹುಬ್ಬು ಮೇಲೇರಿತು. "ಪರವಾಗಿಲ್ವೇ! ನಾನು ಹೇಳಿದ್ದಕ್ಕೆಲ್ಲ ಹೂಂ ಅಂತೀರಿ, ಕೇಳಿಸ್ಕೊಳ್ಳೋದಿಲ್ಲ ಅಂದ್ಕೊಂಡಿದ್ದೆ." ಮೆಚ್ಚುಗೆಯಿಂದಲೇ ತಲೆಯಾಡಿಸಿ ಹೊರಟುಹೋದಳು. ಹಲ್ಲಪ್ಪ ಎದ್ದ. ಅವನ ಪೈಜಾಮದ ಒಂದು ಭಾಗ ಬೆಡ್‌ಶೀಟಿನ ಜೊತೆ ಶಾಶ್ವತವಾಗಿ ಅಲ್ಲೇ ಉಳಿಯಿತು. ಅಚ್ಚಿನ ಅಡಿಯ ಮುಖ ಮಾತ್ರ ಕನ್ನಡಿಯ ಹಾಗೆ ಬಂದಿತ್ತು.

ಅಚ್ಚನ್ನು ಟವೆಲಿನಲ್ಲಿ ಸುತ್ತಿ, ಸ್ಕೂಟರಿನ ಮುಂದೆ ಕೂಸಿನಂತೆ ನಿಲ್ಲಿಸಿಕೊಂಡು ಅವನು ಮೇಸ್ತ್ರಿಯ ಕೊಟ್ಟಿಗೆಗೆ ಒಯ್ದ. ಮೇಸ್ತ್ರಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಂಟಿಕೊಂಡಿದ್ದ ಪೈಜಾಮದ ತುಂಡಿನ ಬಗ್ಗೆ ಸಭ್ಯತೆಯಿಂದ ಏನೂ ಕೇಳಲಿಲ್ಲ.

"ಅಮ್ಮಾವರು ಎಡಗಾಲು ಮಡಚಿಕೊಂಡು ಕೂರ್ತಾರೆ," ಎಂದರು.

"ಹೌದಾ?" ಹಲ್ಲಪ್ಪನಿಗೆ ರೋಮಾಂಚನವಾಯಿತು. ಮೂವತ್ತೊಂದು ವರ್ಷದಲ್ಲಿ ತಾನು ಕಾಣದ್ದನ್ನು ಅಚ್ಚು ಒಂದೇ ದಿನಕ್ಕೆ ಹೇಳಿಬಿಟ್ಟಿತಲ್ಲ!

"ತೊಡೆ ಉದ್ದ ಇದೆ. ಆಳು ಒಳ್ಳೆ ಭಾರ. ಎತ್ತರ ಎಷ್ಟು?"

ಹಲ್ಲಪ್ಪ ಅಂಗೈಯನ್ನು ತನ್ನ ಭುಜದ ಬಳಿ ಹಿಡಿದ. ಕಿವಿಯ ತನಕ ಏರಿಸಿದ. ಸ್ವಲ್ಪ ಇಳಿಸಿದ. ಕೊನೆಗೆ ಕೈ ಕೆಳಗೆ ಬಿಟ್ಟು, "ಅದೆಲ್ಲ ಅಚ್ಚಿನಲ್ಲೇ ಇದೆಯಲ್ಲ ಮೇಸ್ತ್ರಿ," ಎಂದ.

ಮೇಸ್ತ್ರಿಯ ಕೈ ಜೇಬಿಗೆ ಹೋಯಿತು. "ಒಂದು ಸಲ ಅವರನ್ನ ಕರ್ಕೊಂಡು ಬನ್ನಿ."

"ಅಚ್ಚು ಸುಳ್ಳು ಹೇಳಲ್ಲ ಮೇಸ್ತ್ರಿ!"

"ಹೇಳಲ್ಲ. ಯಾರದ್ದು ಅಂತಾನೂ ಹೇಳಲ್ಲ," ಎಂದು ಮೇಸ್ತ್ರಿ ಹಲ್ಲು ತೆಗೆದು ಜೇಬಿಗಿಟ್ಟರು. ಹಲ್ಲಪ್ಪ ಆ ಮಾತನ್ನು ವಯಸ್ಸಾದವರ ಮಾತು ಎಂದು ಅಲ್ಲೇ ಕೊಡವಿಬಿಟ್ಟ.

ಐದು ತಿಂಗಳು ಕೆಲಸ ನಡೆಯಿತು. ದಿನಾ ಸಂಜೆ ಆರರಿಂದ ಎಂಟು. ದಪ್ಪ ಹಲಗೆಗಳನ್ನು ಅಂಟಿಸಿ, ಉಳಿಯಲ್ಲಿ ಕೆತ್ತಿ ಕೆತ್ತಿ ಆಸನದ ಕುಳಿ ತೋಡಬೇಕು. ಕುರ್ಚಿ ಹಿಂದೆಮುಂದೆ ತೂಗಲು ಅಡಿಗೆ ಬರುವ ಎರಡು ಬಾಗುಪಟ್ಟಿಗಳನ್ನು ಒಂದೇ ಮರದಲ್ಲಿ ಕತ್ತರಿಸುವ ಹಾಗಿಲ್ಲ. ಕಾಗದದಷ್ಟು ತೆಳ್ಳಗೆ ಸೀಳಿದ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿ, ಬಾಗಿಸಿ, ಬಿಗಿದು ವಾರಗಟ್ಟಲೆ ಬಿಡಬೇಕು. ಮೊದಲ ಸಲ ಹಲ್ಲಪ್ಪ ತನ್ನ ಅಂಗಿಯ ತೋಳನ್ನೂ ಪಟ್ಟಿಗಳ ನಡುವೆ ಸೇರಿಸಿ ಅಂಟಿಸಿದ. ಕುರ್ಚಿಯ ಕೈಗಳನ್ನು ಕಡೆಯಲು ಬಿಟ್ಟರೆ, ಮೂವತ್ತೈದು ವರ್ಷದ ಅಭ್ಯಾಸ ಬಿಡಬೇಕಲ್ಲ, ತುದಿಯಲ್ಲಿ ತಾನಾಗಿಯೇ ಒಂದೊಂದು ದವಡೆಹಲ್ಲು ಮೂಡಿತು.

"ಇದರ ಮೇಲೆ ಕೈ ಇಡಬೇಕಾ, ಬ್ರಶ್ ಹಾಕಬೇಕಾ?" ಎಂದು ಮೇಸ್ತ್ರಿ ಮತ್ತೆ ಕಡೆಸಿದರು.

ಎಲ್ಲಕ್ಕಿಂತ ಘೋರವಾದದ್ದು ಹತ್ತಿಯ ಪರೀಕ್ಷೆ. ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ನುಣುಪಾಯಿತು ಎಂದು ಹಲ್ಲಪ್ಪ ಬೆವರೊರೆಸಿಕೊಂಡಾಗ ಮೇಸ್ತ್ರಿ ಒಂದು ಚೂರು ಹತ್ತಿ ತೆಗೆದು ಮರದ ಮೈಮೇಲೆ ಎಳೆಯುವರು. ಒಂದೇ ಒಂದು ಎಳೆ ಎಲ್ಲಾದರೂ ಸಿಕ್ಕಿಕೊಂಡರೆ ಮಾತಿಲ್ಲದೆ ಅಲ್ಲಿ ಬೆರಳಿಟ್ಟು ತೋರಿಸುವರು. ಅಷ್ಟೇ. ಮತ್ತೆ ಉಜ್ಜು. ಹೀಗೆ ನಲವತ್ತು ಸಲ.

ಮನೆಯಲ್ಲಿ ಹೆಂಡತಿ ಅವನ ಕಿವಿಯ ಹಿಂದಿನಿಂದ ಮರದ ಹೊಟ್ಟು ಹೆಕ್ಕಿ ತೆಗೆದು ಬೆಳಕಿಗೆ ಹಿಡಿದಳು.

"ಇದೇನ್ರೀ?"

"ಹೊಸ ಪ್ರಯೋಗ. ಮರದ ಹಲ್ಲು."

"ಗೆದ್ದಲು ಹಿಡಿದ್ರೆ ಪಾಪ ಅವರು ಏನ್ ಮಾಡಬೇಕು?"

"ಅದಕ್ಕೇ ಇನ್ನೂ ಪ್ರಯೋಗ ಅಂದದ್ದು," ಎಂದು ಹಲ್ಲಪ್ಪ ಅನ್ನ ಕಲಸಿದ. ಸುಳ್ಳು ಹೇಳಿದರೂ ಅವನಿಗೆ ಒಳಗೊಳಗೇ ಖುಷಿ. ಇಷ್ಟು ಖುಷಿ ಅವನಿಗೆ ಮದುವೆಯ ಹೊಸತರಲ್ಲಿ ಆಗಿತ್ತೋ ಏನೋ. ಕೈಯಲ್ಲಿ ಬೊಬ್ಬೆಗಳು ಎದ್ದಿದ್ದವು, ಬೆನ್ನು ನೋಯುತ್ತಿತ್ತು. ಆದರೂ ಪ್ರತಿ ಸಂಜೆ ಕುಳಿಯ ಮೇಲೆ ಅಂಗೈ ಆಡಿಸುವಾಗ, ಇದು ನನ್ನವಳ ಜಾಗ, ಬೇರೆ ಯಾರಿಗೂ ಹೊಂದುವುದಿಲ್ಲ ಎಂದುಕೊಳ್ಳುತ್ತಿದ್ದ.

ಮೂವತ್ತೆರಡನೆಯ ವಾರ್ಷಿಕೋತ್ಸವದ ದಿನ ಅವನು ಕೆಲಸಕ್ಕೆ ರಜೆ ಹಾಕಿದ. ಮಧ್ಯಾಹ್ನ ಕೈಗಾಡಿಯಲ್ಲಿ, ಹತ್ತಿಯ ರಜಾಯಿ ಸುತ್ತಿಕೊಂಡು, ತೂಗುಕುರ್ಚಿ ಮನೆಗೆ ಬಂತು. ನೆರೆಯವರು ಕಿಟಕಿಗಳಲ್ಲಿ ಕೂಡಿದರು. ಬಿಚ್ಚಿದಾಗ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಳು. ಕುರ್ಚಿ ಅಷ್ಟು ಚೆಂದವಿತ್ತು. ಜೇನಿನ ಬಣ್ಣ, ಎಲ್ಲೂ ಒಂದು ಮೂಲೆಯಿಲ್ಲ, ಬೆನ್ನಿನ ಪಟ್ಟಿಗಳು ಬೆನ್ನೆಲುಬಿನಂತೆಯೇ ಮೆಲ್ಲಗೆ ಬಾಗಿದ್ದವು.

"ನೀವೇ ಮಾಡಿದ್ರಾ?"

"ನಾನೇ. ನಿನ್ನ ಅಳತೆಗೆ. ಒಂದು ನೂಲು ಹೆಚ್ಚಿಲ್ಲ, ಕಡಿಮೆ ಇಲ್ಲ. ಕೂರು!"

ಅವಳು ಅಂಗೈಯಿಂದ ಕುರ್ಚಿಯ ಕೈಯನ್ನು ಒಮ್ಮೆ ಸವರಿ ಕೂತಳು. ಕೂತವಳು ಕಾಣೆಯಾದಳು. ಆಸನ ಅವಳನ್ನು ಹಾಗೇ ಒಳಗೆ ಎಳೆದುಕೊಂಡು ಎಡಕ್ಕೆ ವಾಲಿಸಿತು. ಕಾಲುಗಳು ನೆಲದಿಂದ ಒಂದು ಗೇಣು ಮೇಲೆ ನೇತಾಡಿದವು. ತಲೆ ಬೆನ್ನುಪಟ್ಟಿಯ ಅರ್ಧಕ್ಕೂ ಬರಲಿಲ್ಲ. ಮುಂದಕ್ಕೆ ಬರಲು ಕೈ ಊರಿದರೆ ಕುರ್ಚಿ ಹಿಂದಕ್ಕೆ ತೂಗಿತು. ಹಂಡೆಯೊಳಗೆ ಬಿದ್ದ ಬೆಕ್ಕಿನ ಹಾಗಾಯಿತು ಅವಳ ಸ್ಥಿತಿ.

"ರೀ," ಒಳಗಿನಿಂದ ದನಿ ಬಂತು, "ಕೈ ಕೊಡಿ."

ಅವಳನ್ನು ಎಳೆದು ನಿಲ್ಲಿಸುವಷ್ಟರಲ್ಲಿ ಗೋಡೆ ಗಡಿಯಾರ ಎರಡು ಹೊಡೆಯಿತು. ಅದರ ಬೆನ್ನಿಗೇ, ಬಾಗಿಲು ತಟ್ಟುವ ಗೋಜಿಲ್ಲದೆ, ಕಂಕುಳಲ್ಲಿ ಪತ್ರಿಕೆ ಇಟ್ಟುಕೊಂಡು ಟಿಸಿ ಭಾವ ಒಳಗೆ ಬಂದರು. ಹಲ್ಲಪ್ಪ ಮನೆಯಲ್ಲಿರುವುದನ್ನು ಕಂಡು, ಟಿಕೆಟ್ ಇಲ್ಲದ ಪ್ರಯಾಣಿಕನನ್ನು ಕಂಡಂತೆ ನೋಡಿದರು.

"ನೀವೇನು ಈ ಹೊತ್ತಿನಲ್ಲಿ ಮನೆಯಲ್ಲಿ?" ಎಂದರು. ಆಮೇಲೆ ಕುರ್ಚಿ ಕಂಡಿತು. ಸುತ್ತ ಒಂದು ಪ್ರದಕ್ಷಿಣೆ ಬಂದರು. ಬಗ್ಗಿ ನೋಡಿದರು. ಮೂವತ್ತು ವರ್ಷ ನಿಂತೇ ಇದ್ದ ಮನುಷ್ಯ, ಹಲ್ಲಪ್ಪನ ಕಣ್ಣೆದುರಿಗೇ, ಪಂಚೇಂದ್ರಿಯಗಳೂ ಸಾಕ್ಷಿಯಾಗಿ, ಕುರ್ಚಿಯಲ್ಲಿ ಕೂತರು. ಕೂತು, ಎಡಗಾಲನ್ನು ಮಡಚಿ ಮೇಲಿಟ್ಟುಕೊಂಡರು.

ಸರಿಯಾಗಿ ಮಾಡಿದ ಸೆಟ್ಟು ಬಾಯಿಗೆ ಕೂರುವಾಗ 'ಟಕ್' ಎಂದು ಒಂದು ಸಣ್ಣ ಸದ್ದಾಗುತ್ತದೆ. ಆ ಸದ್ದು ಹಲ್ಲಪ್ಪನಿಗೆ ಸ್ಪಷ್ಟವಾಗಿ ಕೇಳಿಸಿತು.

"ಅಬ್ಬಾ!" ಎಂದರು ಭಾವ, ತೂಗುತ್ತ. ತಪ್ಪು ಹುಡುಕಲು ಬಾಯಿ ತೆರೆದರು, ಒಂದೂ ಸಿಗಲಿಲ್ಲ. "ನನಗೇ ಅಂತ ಹೇಳಿ ಮಾಡಿಸಿದ ಹಾಗಿದೆಯಲ್ಲ! ನಿಮ್ಮ ಮೇಲೆ ಇಷ್ಟು ದಿನ ಏನೇನೋ ಅಂದ್ಕೊಂಡಿದ್ದೆ. ಕ್ಷಮಿಸಿಬಿಡಿ."

ಹಲ್ಲಪ್ಪ ಸೋಫಾ ನೋಡಿದ. ಕುರ್ಚಿ ನೋಡಿದ. ಮತ್ತೆ ಸೋಫಾ ನೋಡಿದ. ಹೆಂಡತಿಯನ್ನು ಅಡುಗೆಮನೆಗೆ ಕರೆದೊಯ್ದು ಪಿಸುಗುಟ್ಟಿದ: "ಇವಳೇ, ಎಡಗಡೆಯ ಕುಳಿ..."

"ಅಣ್ಣಂದು. ಭಾನುವಾರ ಬಿಟ್ಟು ದಿನಾ ಎರಡು ಗಂಟೆಗೆ ಬರ್ತಾನೆ, ಪೇಪರ್ ಓದ್ತಾ ಐದರ ತನಕ ನಿದ್ದೆ ಮಾಡ್ತಾನೆ. ಅವನ ಮನೆಯಲ್ಲಿ ಮೊಮ್ಮಕ್ಕಳ ಗಲಾಟೆ. ಏಳು ವರ್ಷದಿಂದ ಹೇಳ್ತಾ ಇದ್ದೀನಿ. ನೀವೂ ಹೂಂ ಹೂಂ ಅಂತ ಕೇಳ್ತಾ ಇದ್ದೀರಿ. ಅವತ್ತು ಬೇರೆ ಗೊತ್ತು ಗೊತ್ತು ಅಂದ್ರಿ!"

"ಮತ್ತೆ ನಿನ್ನ ಕುಳಿ?"

"ನನ್ನದು ಎಲ್ಲಿಂದ ಬರಬೇಕು? ನಡುವಿನದು ನಿಮ್ಮದು. ಎಡಗಡೆ ಅಣ್ಣಂದು. ಬಲಗಡೆ ಮಡಿಸಬೇಕಾದ ಬಟ್ಟೆದು." ಅವಳು ನಗುತ್ತಲೇ ಹೇಳಿದಳು. "ಇರೋದೇ ಮೂರು ಸೀಟು."

ಹಲ್ಲಪ್ಪನಿಗೆ ನಗು ಬರಲಿಲ್ಲ. "ಹಾಗಾದ್ರೆ ನೀನು ಎಲ್ಲಿ ಕೂರ್ತೀಯ?" ಎಂದು ಕೇಳಿದ. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದ.

ಅವಳು ಕಾಲಬುಡವನ್ನು ತೋರಿಸಿದಳು. ನಡುಮನೆಯಿಂದ ಅಡುಗೆಮನೆಗೆ ಇಳಿಯುವ ಒಂದು ಕಲ್ಲಿನ ಮೆಟ್ಟಿಲು. ಹಲ್ಲಪ್ಪ ಬಗ್ಗಿ ಅದರ ಮೇಲೆ ಅಂಗೈ ಆಡಿಸಿದ. ಕುಳಿ ಇರಲಿಲ್ಲ. ಕಲ್ಲಿನಲ್ಲಿ ಕುಳಿ ಬೀಳಬೇಕಾದರೆ ಮೂವತ್ತೆರಡು ವರ್ಷ ಸಾಲದು. ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ನಾನೆಂಥ ಪೆದ್ದ ಎಂದು ನಾಚಿಕೆಯೂ ಆಯಿತು.

"ಅಳಬೇಡಿ ಮಾರಾಯ್ರೇ," ಎಂದಳು ಅವಳು. "ತಣ್ಣಗೆ ಚೆನ್ನಾಗಿರತ್ತೆ ಅಲ್ಲಿ. ಟಿವಿ ಶಬ್ದನೂ ಕೇಳತ್ತೆ."

"ನನಗೆ ನಿನ್ನ ಅಳತೆ ಒಂದೂ ಗೊತ್ತಿಲ್ಲ ಕಣೇ."

"ನಿಮ್ಮದು ನನಗೆ ಗೊತ್ತು. ಕತ್ತು ಹದಿನೈದೂವರೆ, ಚಪ್ಪಲಿ ಎಂಟು, ಬಲಗಾಲು ಎಡಗಾಲಿಗಿಂತ ಸ್ವಲ್ಪ ದಪ್ಪ. ಆ ಮೆಟ್ಟಿಲಲ್ಲಿ ಕೂತ್ರೆ ಕಾಣೋದು ನಿಮ್ಮ ತಲೆ ಹಿಂಭಾಗ ಒಂದೇ. ಅಲ್ಲಿನ ಕೂದಲು ಯಾವ ವರ್ಷದಿಂದ ಉದುರೋಕೆ ಶುರುವಾಯ್ತು ಅಂತನೂ ಹೇಳಲಾ?"

"ಬೇಡ," ಎಂದ ಹಲ್ಲಪ್ಪ. ಗೂಟದಿಂದ ಬಟ್ಟೆಯ ಅಳತೆಪಟ್ಟಿ ತಂದು ಅವಳ ಮುಂದೆ ಮಂಡಿಯೂರಿದ. "ನಿಂತ್ಕೋ ಸ್ವಲ್ಪ. ಮಂಡಿಯಿಂದ ಹಿಮ್ಮಡಿ."

"ಅಯ್ಯೋ, ಅಣ್ಣ ಇದ್ದಾನೆ ರೀ!"

"ಇರಲಿ. ಅವರ ಅಳತೆ ಆಗಿದೆ."

ಎರಡನೆಯ ಕುರ್ಚಿಗೆ ನಾಲ್ಕು ತಿಂಗಳು ಹಿಡಿಯಿತು. ಈ ಸಲ ಗುಟ್ಟಿರಲಿಲ್ಲ. ಅವಳೇ ವಾರಕ್ಕೊಮ್ಮೆ ಕೊಟ್ಟಿಗೆಗೆ ಬಂದು, ಅರೆಬರೆ ಕೆತ್ತಿದ ಹಲಗೆಯ ಮೇಲೆ ಕೂತು, "ಇಲ್ಲಿ ಒತ್ತತ್ತೆ, ಇಲ್ಲಿ ಸರಿಯಾಗಿದೆ" ಎಂದು ಹೇಳುತ್ತಿದ್ದಳು. ಅವಳು ಬರುವ ದಿನ, ಅವಳು ಬರುವುದಕ್ಕೆ ಮೊದಲೇ ಮೇಸ್ತ್ರಿ ಹಲ್ಲು ಹಾಕಿಕೊಂಡು ಕೂತಿರುತ್ತಿದ್ದರು. "ಕೂರೋಕೆ ಬರೋರು ಸಿಕ್ಕಿದ್ರೆ ಕೆಲಸ ಎಷ್ಟು ಸಲೀಸು ನೋಡಿ," ಎಂದು ಹಲ್ಲಪ್ಪನಿಗೆ ಚುಚ್ಚುತ್ತಿದ್ದರು. ಹತ್ತಿಯ ಪರೀಕ್ಷೆಯನ್ನು ಈ ಸಲ ಅವಳ ಕೈಯಲ್ಲೇ ಮಾಡಿಸಿದರು. ಅವಳು ಐವತ್ತು ಕಡೆ ಬೆರಳಿಟ್ಟಳು.

ಕುರ್ಚಿ ಮನೆಗೆ ಬಂದಾಗ ಇನ್ನೊಂದು ತೊಡಕು ಕಂಡಿತು. ತೂಗುಕುರ್ಚಿಗೆ ಇಡಲು ಒಂದಿಷ್ಟು, ತೂಗಲು ಮತ್ತೊಂದಿಷ್ಟು ಜಾಗ ಬೇಕು. ಭಾವನ ಕುರ್ಚಿ ಆಗಲೇ ಅರ್ಧ ನಡುಮನೆಯನ್ನು ಆಕ್ರಮಿಸಿತ್ತು. ವಾಪಸು ತೆಗೆದುಕೊಳ್ಳೋಣವೆಂದರೆ ಅವರು ಜೀವನದಲ್ಲಿ ಮೊದಲ ಸಲ ಒಂದು ವಸ್ತುವನ್ನು ಹೊಗಳಿದ್ದರು. ಕೊನೆಗೆ ಸೋಫಾ ಹೊರಗೆ ಹೋಯಿತು. ಅದರ ಜೊತೆ ನಡುವಿನ ಕುಳಿಯೂ ಹೋಯಿತು. ಇದು ಹಲ್ಲಪ್ಪನಿಗೆ ಹೊಳೆದದ್ದು ಸೋಫಾ ಹೊತ್ತ ಗಾಡಿ ಬೀದಿಯ ತಿರುವು ದಾಟಿದ ಮೇಲೆ.

ಆದರೆ ಆ ಸಂಜೆ ಅವನು ಅದನ್ನೆಲ್ಲ ಯೋಚಿಸಲಿಲ್ಲ. ಹೆಂಡತಿ ಕೂತಳು. ಎರಡೂ ಪಾದ ಸಮವಾಗಿ ನೆಲ ಮುಟ್ಟಿದವು. ಬೆನ್ನು ಬೆನ್ನಿಗೆ ಒರಗಿತು. ಕಾಲ ತುದಿಯಿಂದ ಒಮ್ಮೆ ನೆಲ ಒತ್ತಿದಳು. ಕುರ್ಚಿ ಸದ್ದಿಲ್ಲದೆ ಹೋಗಿ ಬಂತು, ಹೋಗಿ ಬಂತು. ಅವಳು ಕಣ್ಣು ಮುಚ್ಚಿ, "ಸರಿಯಾಗಿದೆ ರೀ," ಎಂದಳು. ಆ ಒಂದು ಮಾತಿಗೆ ಹಲ್ಲಪ್ಪ ಒಂಬತ್ತು ತಿಂಗಳ ಬೊಬ್ಬೆಗಳನ್ನೆಲ್ಲ ಮರೆತ. ಕಪಾಟಿನ ಮೇಲಿನ ಕೆಂಪು ಡಬ್ಬಿಯನ್ನು ಅವಳೇ ಬೆಳಗ್ಗೆ ಯಾರಿಗೋ ಕೊಟ್ಟುಬಿಟ್ಟಿದ್ದಳು.

ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಅವಳು ಏಳಲಿಲ್ಲ. ಮರುದಿನವೂ ಹಾಗೇ. ಮೂರನೆಯ ದಿನ, ಟೀ ಹೊತ್ತು ಮೀರುತ್ತಿದ್ದಾಗ, ಹಲ್ಲಪ್ಪ ಗಂಟಲು ಸರಿಮಾಡಿಕೊಂಡ.

"ಇವಳೇ... ಟೀ?"

"ಹೂಂ, ಮಾಡಿ," ಎಂದಳು ಕಣ್ಣು ತೆರೆಯದೆ. "ನನಗೂ ಇರಲಿ. ಎದ್ದೇಳೋಣ ಅಂದ್ರೆ ಆಗ್ತಾನೇ ಇಲ್ಲ ರೀ. ಅಷ್ಟು ಸರಿಯಾಗಿ ಮಾಡಿಬಿಟ್ಟಿದ್ದೀರಿ."

ಅಂದಿನಿಂದ ಸಂಜೆಯ ಟೀ ಹಲ್ಲಪ್ಪನ ಪಾಲಿಗೆ ಬಂತು. ಭಾವ ಈಗ ಐದಕ್ಕೆ ಏಳುವುದನ್ನೂ ಬಿಟ್ಟು ಟೀಗೆ ನಿಲ್ಲತೊಡಗಿದರು, ನಿಲ್ಲುವುದೆಂದರೆ ಕೂರುವುದು. ಅಣ್ಣ ತಂಗಿ ಅಕ್ಕಪಕ್ಕ ತೂಗುತ್ತಿರುತ್ತಾರೆ. ಹಲ್ಲಪ್ಪ ಒಲೆಯ ಮೇಲೆ ನೀರಿಟ್ಟು, ಅದು ಕುದಿಯುವ ತನಕ ಕಲ್ಲಿನ ಮೆಟ್ಟಿಲ ಮೇಲೆ ಕೂರುತ್ತಾನೆ. ಅವಳು ಹೇಳಿದ್ದು ನಿಜ, ತಣ್ಣಗೆ ಚೆನ್ನಾಗಿದೆ. ಅಲ್ಲಿಂದ ನಡುಮನೆ ಪೂರ್ತಿ ಕಾಣುತ್ತದೆ. ನಡುಮನೆಯಲ್ಲಿ ಕೂತವರಿಗೆ ಮೆಟ್ಟಿಲು ಕಾಣುವುದಿಲ್ಲ. ಹೆಂಡತಿಯ ತಲೆಯ ಹಿಂಭಾಗದಲ್ಲಿ ಇಷ್ಟು ಬಿಳಿಕೂದಲು ಯಾವಾಗ ಬಂತೋ ಅವನಿಗೆ ಗೊತ್ತೇ ಇರಲಿಲ್ಲ.

"ರೀ," ಆ ತಲೆ ಕೇಳಿತು, "ನನಗೆ ಸಕ್ಕರೆ ಎಷ್ಟು ಅಂತ ಗೊತ್ತಲ್ವಾ?"

'ಗೊತ್ತು, ಗೊತ್ತು' ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಹಲ್ಲಪ್ಪ ಅದನ್ನು ನುಂಗಿದ. ಪೆಟ್ಟು ತಿಂದವನಿಗೇ ಬುದ್ಧಿ. ಚಮಚ ಹಿಡಿದು ನಡುಮನೆಗೆ ಬಂದು, ಅವಳ ಎದುರಿಗೇ ನಿಂತು ವಿನಯದಿಂದ ಕೇಳಿದ: "ಎಷ್ಟು?"

"ನಾನು ಸಕ್ಕರೆ ಬಿಟ್ಟು ಎಂಟು ವರ್ಷ ಆಯ್ತು," ಎಂದಳು.

"ನನಗೆ ಮೂರು ಚಮಚ," ಎಂದರು ಭಾವ.